ಪ್ರತಿಮೆಯೂ ಇತಿಹಾಸವೂ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಡೀ ದೇಶಕ್ಕೆ ಒಂದೇ ಇತಿಹಾಸ ಪಠ್ಯವಿಲ್ಲ. ಏನನ್ನು ಬೋಧಿಸಬೇಕೆಂಬುದನ್ನು ರಾಜ್ಯಗಳೂ ಸ್ಥಳೀಯ ಶಾಲಾ ಮಂಡಳಿಗಳೂ ನಿರ್ಧರಿಸುತ್ತವೆ. ಆದುದರಿಂದ 1861ರಿಂದ 1865ರವರೆಗೆ ಉತ್ತರ ಹಾಗೂ ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧವನ್ನು ಅಲ್ಲಿಯ ಮಕ್ಕಳು ಬಹುಕಾಲ ಬೇರೆ ಬೇರೆ ಬಗೆಯಾಗಿ ಕಲಿತರು. ಅದು ರಾಜ್ಯಗಳ ಹಕ್ಕಿಗಾಗಿ ನಡೆದ ಹೋರಾಟವೆಂದು ದಕ್ಷಿಣದ ಅನೇಕ ಪಠ್ಯಗಳು ಸಾರಿದವು. ಆದರೆ 1861ರಲ್ಲಿ ಒಕ್ಕೂಟವನ್ನು ತೊರೆದ ಮಿಸಿಸಿಪ್ಪಿ ರಾಜ್ಯವು ಗುಲಾಮಗಿರಿಯ ರಕ್ಷಣೆಯೇ ಕಾರಣವೆಂದು ತನ್ನ ಘೋಷಣೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿತ್ತು.

ಸೋತ ದಕ್ಷಿಣದ ದಂಡನಾಯಕ ರಾಬರ್ಟ್ ಲೀಯ ಪ್ರತಿಮೆಯನ್ನು ರಿಚ್ಮಂಡ್ ನಗರದಲ್ಲಿ 1890ರಲ್ಲಿ ನಿಲ್ಲಿಸಿ, 2021ರಲ್ಲಿ ಕೆಳಗಿಳಿಸಿದರು. ಇಂತಹ ಪ್ರತಿಮೆಗಳನ್ನು ತೆಗೆದರೆ ಇತಿಹಾಸವೇ ಅಳಿಯುವುದೆಂದು ಕೆಲವರು ವಾದಿಸಿದರು. ಈ ವಾದ ಒಪ್ಪತಕ್ಕದ್ದಲ್ಲ. ಪ್ರತಿಮೆ ಗೌರವದ ಕುರುಹು. ಇತಿಹಾಸ ಸತ್ಯದ ಶೋಧ. ಗೌರವವನ್ನು ಹಿಂತೆಗೆದುಕೊಂಡ ಮಾತ್ರಕ್ಕೆ ನಡೆದುದು ನಡೆಯದಂತಾಗದು. ಆದರೆ ಆ ಪ್ರತಿಮೆ ನೂರಮೂವತ್ತು ವರ್ಷ ಏಕೆ ನಿಂತಿತ್ತೆಂಬುದನ್ನೂ ಮಕ್ಕಳು ಕಲಿಯಬೇಕು.

ಮಾನವರೆಲ್ಲರೂ ಸಮಾನರೆಂದು 1776ರಲ್ಲಿ ಬರೆದ ಥಾಮಸ್ ಜೆಫರ್ಸನ್ನನು ಸ್ವತಃ ನೂರಾರು ಗುಲಾಮರ ಒಡೆಯನಾಗಿದ್ದನು. ರಾಜಕೀಯ ಪಕ್ಷಗಳು ತಮಗೆ ಬೇಕಾದ ಒಂದನ್ನೇ ಎತ್ತಿ ಹಿಡಿಯಬಹುದು. ಪಾಠಶಾಲೆ ಎರಡನ್ನೂ ಒಂದೇ ಪುಟದಲ್ಲಿ ಓದಿಸಬೇಕು. ದೇಶದ ಹಿರಿಮೆಯೊಡನೆ ಅದರ ತಪ್ಪನ್ನೂ ಅರಿತವನ ಅಭಿಮಾನವೇ ಗಟ್ಟಿಯಾದುದು.