ಯಾರ ದುಡ್ಡು, ಯಾರ ರಸ್ತೆ, ಯಾರ ರೇಸು?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ನಮ್ಮ ಹಿರಿಯರು ಈ ಗಾದೆ ಕಟ್ಟಿದ ಕಾಲದಲ್ಲಿ ಕಾರು ರೇಸು ಇರಲಿಲ್ಲ. ಇದ್ದಿದ್ದರೆ ಮಲ್ಲಿಗೆಯ ಜಾಗದಲ್ಲಿ ಅದೇ ಬಂದು ಕೂರುತ್ತಿತ್ತು.

ಪಕ್ಕದ ಹೈದರಾಬಾದಿನಲ್ಲಿ ಏನಾಯಿತು ನೋಡಿ. ಅದು ನಮಗೆ ದೂರದ ಊರೇನಲ್ಲ. ಬೀದರ, ಕಲಬುರಗಿ, ರಾಯಚೂರಿನ ಜನ ಕಾಯಿಲೆ ಬಿದ್ದರೆ ಇಂದಿಗೂ ಬಸ್ಸು ಹತ್ತುವುದು ಅಲ್ಲಿಗೇ. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡಿಗರೂ ಇದ್ದಾರೆ. ಆ ಊರಿನ ನಟ್ಟ ನಡುವೆ, ಹುಸೇನ್ ಸಾಗರದ ದಡದಲ್ಲಿ, 2023ರ ಫೆಬ್ರವರಿ 11ರಂದು ‘ಫಾರ್ಮುಲಾ ಇ’ ಎಂಬ ವಿದ್ಯುತ್ ಕಾರುಗಳ ವಿಶ್ವ ಚಾಂಪಿಯನ್‌ಷಿಪ್ ರೇಸು ನಡೆಯಿತು. ಲುಂಬಿನಿ ಪಾರ್ಕು, ಹೊಸ ಸಚಿವಾಲಯ, ಎನ್‌ಟಿಆರ್ ಗಾರ್ಡನ್ಸ್ ಸುತ್ತಿ ಬರುವ 2.8 ಕಿಲೋಮೀಟರ್ ದಾರಿ. ಅಷ್ಟೂ ಸಾರ್ವಜನಿಕ ರಸ್ತೆ. ನಾವು ನೀವು ಸ್ಕೂಟರ್ ಓಡಿಸುವಂಥ ರಸ್ತೆ!

ಬೀದಿ ರೇಸು ಎಂದರೆ ಹೀಗೆ. ರೇಸಿಗೆಂದೇ ಕಟ್ಟಿದ ಜಾಗ ಬೇರೆ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ ಅಂಥದ್ದು. ಅಲ್ಲಿ 2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ ಒನ್ ನಡೆದು, ಆಮೇಲೆ ತೆರಿಗೆಯ ತಕರಾರು, ಹಣದ ತಕರಾರಿನಲ್ಲಿ ನಿಂತುಹೋಯಿತು. ಬೀದಿ ರೇಸಿಗೆ ಅಂಥ ಸ್ವಂತ ಜಾಗ ಇಲ್ಲ. ಓಡಾಡುವ ರಸ್ತೆಯನ್ನೇ ಮುಚ್ಚಬೇಕು. ಹಂಪು ಕೀಳಬೇಕು, ಡಾಂಬರು ಹೊಸದಾಗಿ ಹಾಸಬೇಕು, ಎರಡೂ ಬದಿ ಕಾಂಕ್ರೀಟ್ ದಿಮ್ಮಿ ಇಟ್ಟು ಮೇಲೆ ಕಬ್ಬಿಣದ ಬೇಲಿ ಕಟ್ಟಬೇಕು. ಚರಂಡಿ ಮುಚ್ಚಳಗಳನ್ನೂ ಬಿಗಿಯಬೇಕು. 2023ರ ನವೆಂಬರಿನಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಅಭ್ಯಾಸ ಶುರುವಾಗಿ ಹತ್ತು ನಿಮಿಷ ಆಗುವ ಮೊದಲೇ ರಸ್ತೆಯ ಮುಚ್ಚಳವೊಂದು ಕಿತ್ತುಬಂದು ಫೆರಾರಿ ಕಾರಿನ ತಳವನ್ನೇ ಸೀಳಿತು. ಕುಬೇರನಂಥ ಊರಿನ ಗತಿಯೇ ಅದು.

ಹೈದರಾಬಾದಿನಲ್ಲಿ ರೇಸಿಗಾಗಿ ಹಲವು ದಿನ ಕೆರೆ ಸುತ್ತಲಿನ ದಾರಿಗಳು ಬಂದ್. ಓಟ ನಡೆದದ್ದು ಮುಕ್ಕಾಲು ಗಂಟೆ! ಗೆದ್ದವನು ಫ್ರಾನ್ಸಿನ ಜೀನ್ ಎರಿಕ್ ವೆರ್ನ್. ಟಾಟಾ ಒಡೆತನದ ಜಾಗ್ವಾರ್ ತಂಡದ ಎರಡು ಕಾರುಗಳು ಒಂದಕ್ಕೊಂದು ಗುದ್ದಿಕೊಂಡು ಹೊರಬಿದ್ದವು. ಚಪ್ಪಾಳೆ ಆಯಿತು, ಟೀವಿಯಲ್ಲಿ ಬಂತು. ರಾಜ್ಯಕ್ಕೆ ಸುಮಾರು 700 ಕೋಟಿ ರೂಪಾಯಿ ಲಾಭ ಎಂದು ತಂದವರು ಡಂಗುರ ಸಾರಿದರು.

ಸ್ವಾಮಿ, ಅಷ್ಟು ಲಾಭದ ವ್ಯವಹಾರವಾದರೆ ವ್ಯಾಪಾರಿ ಬಿಟ್ಟು ಹೋಗುತ್ತಾನೆಯೇ? ಮೊದಲ ವರ್ಷ ರೇಸು ನಡೆಸಲು ಮುಂದೆ ನಿಂತಿದ್ದ ಖಾಸಗಿ ಕಂಪನಿ ಎರಡನೇ ವರ್ಷಕ್ಕೆ ಕೈ ಎತ್ತಿತು. ಆ ಜಾಗಕ್ಕೆ ಬಂದು ನಿಂತದ್ದು ಯಾರು? ಹೈದರಾಬಾದ್ ಮಹಾನಗರ ಅಭಿವೃದ್ಧಿ ಪ್ರಾಧಿಕಾರ! ಅಂದರೆ ಜನರ ದುಡ್ಡು. ಒಪ್ಪಂದ ಆದದ್ದು 2023ರ ಅಕ್ಟೋಬರ್ ಕೊನೆಯಲ್ಲಿ, ವಿಧಾನಸಭಾ ಚುನಾವಣೆ ಘೋಷಣೆಯಾಗಿದ್ದ ಹೊತ್ತಿನಲ್ಲಿ. ಡಿಸೆಂಬರಿನಲ್ಲಿ ಸರ್ಕಾರ ಬದಲಾಯಿತು. 2024ರ ಜನವರಿಯಲ್ಲಿ, ಫೆಬ್ರವರಿ 10ಕ್ಕೆ ನಿಗದಿಯಾಗಿದ್ದ ಎರಡನೇ ರೇಸು ರದ್ದಾಯಿತು. ದುಡ್ಡು ಹೋಯಿತು, ರೇಸೂ ಇಲ್ಲ. ಉಂಡೂ ಹೋದ, ಕೊಂಡೂ ಹೋದ!

ಸಂಪುಟದ ಒಪ್ಪಿಗೆ, ಹಣಕಾಸು ಇಲಾಖೆಯ ಒಪ್ಪಿಗೆ ಇಲ್ಲದೆ ಸುಮಾರು 55 ಕೋಟಿ ರೂಪಾಯಿ ಕೊಡಲಾಯಿತು, ಅದರಲ್ಲಿ ದೊಡ್ಡ ಪಾಲು ವಿದೇಶಿ ಹಣವಾಗಿ ಹೊರಗೆ ಹೋಯಿತು ಎಂದು ತೆಲಂಗಾಣದ ಭ್ರಷ್ಟಾಚಾರ ನಿಗ್ರಹ ದಳ 2024ರ ಡಿಸೆಂಬರಿನಲ್ಲಿ ಕೇಸು ದಾಖಲಿಸಿತು. ಆಗಿನ ಸಚಿವ ಕೆ.ಟಿ. ರಾಮರಾವ್ ಅವರ ಹೆಸರೂ ಅದರಲ್ಲಿತ್ತು. ಊರಿನ ಹೆಸರು ಬೆಳೆಸಲು ಮಾಡಿದ್ದು, ಇದರಲ್ಲಿ ಒಂದು ಪೈಸೆಯ ಅವ್ಯವಹಾರವೂ ಇಲ್ಲ ಎಂಬುದು ಅವರ ವಾದ. ಆರೋಪ ಆರೋಪವೇ. ತೀರ್ಪು ಕೊಡುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ನಮ್ಮ ಪ್ರಶ್ನೆ ಅದಕ್ಕಿಂತ ಹಿಂದಿನದು. ನಷ್ಟ ಕಂಡು ವ್ಯಾಪಾರಿ ಇಳಿಸಿದ ಹೊರೆಯನ್ನು ಜನರ ಹೆಗಲಿಗೆ ಏರಿಸುವಾಗ ಜನರನ್ನು ಕೇಳಿದವರು ಯಾರು?

ಚೆನ್ನೈ ಕಥೆಯನ್ನೂ ಕೇಳಿ. ಐಲ್ಯಾಂಡ್ ಗ್ರೌಂಡ್ಸ್ ಸುತ್ತ 3.5 ಕಿಲೋಮೀಟರ್ ಬೀದಿ ರೇಸು 2023ರ ಡಿಸೆಂಬರ್ 9 ಮತ್ತು 10ಕ್ಕೆ ಗೊತ್ತಾಗಿತ್ತು. ಅದೇ ವಾರ ಮಿಚಾಂಗ್ ಚಂಡಮಾರುತ ಬಂದು ಊರು ನೀರಿನಲ್ಲಿ ನಿಂತಿತು. ರೇಸು ಮುಂದಕ್ಕೆ ಹೋಗಿ, 2024ರ ಆಗಸ್ಟ್ ಕೊನೆಯಲ್ಲಿ ರಾತ್ರಿ ದೀಪಗಳ ಕೆಳಗೆ ನಡೆಯಿತು. ಮಳೆನೀರು ಹರಿಯಲು ದಾರಿ ಬೇಕೋ, ರೇಸಿಗೆ ದಾರಿ ಬೇಕೋ ಎಂದು ಆ ಊರಿನ ಬಡವನನ್ನು ಕೇಳಬೇಕಿತ್ತು.

ನಾವು ರೇಸಿನ ವೈರಿಗಳಲ್ಲ. ನಮ್ಮ ಹುಡುಗರಿಗೂ ಕಾರೆಂದರೆ ಪ್ರಾಣ. ಈ ಕಾರುಗಳು ಹೊಗೆ ಉಗುಳುವುದಿಲ್ಲ ಎಂಬುದೂ ನಿಜ. ಹಾಸಿದ ಡಾಂಬರು ರೇಸು ಮುಗಿದ ಮೇಲೆ ಆ ಊರಿನವರಿಗೇ ಉಳಿಯಿತು ಎಂಬುದನ್ನೂ ಒಪ್ಪೋಣ. ಆದರೆ ಅದೇ ನಮ್ಮ ಹೊಟ್ಟೆ ಉರಿಸುವ ಮಾತು! ಮುಕ್ಕಾಲು ಗಂಟೆ ಓಡುವ ಕಾರಿಗೆ ಕೆಲವೇ ವಾರದಲ್ಲಿ ಕನ್ನಡಿಯಂಥ ರಸ್ತೆ ಹಾಕಲು ಬರುತ್ತದೆ. ವರ್ಷವಿಡೀ ಓಡಾಡುವ ಸ್ಕೂಟರ್ ಸವಾರನಿಗೆ, ಆಟೋ ಚಾಲಕನಿಗೆ ಗುಂಡಿ ಮುಚ್ಚಲು ಬರುವುದಿಲ್ಲವೇ? ಬರುತ್ತದೆ. ಮನಸ್ಸು ಬರುವುದಿಲ್ಲ.

ಇನ್ನು ‘ರೇಸು ಬಂದರೆ ಬಂಡವಾಳ ಬರುತ್ತದೆ’ ಎಂಬ ಮಾತು. ಬೆಂಗಳೂರು ಜಗತ್ತಿಗೆ ಗೊತ್ತಾದದ್ದು ಯಾವ ರೇಸಿನಿಂದ? 1909ರಲ್ಲಿ ಹುಟ್ಟಿದ ಟಾಟಾ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ ಭೂಮಿ ಕೊಟ್ಟಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ ಬಂದವು. ಶಾಲೆ, ಕಾರ್ಖಾನೆ, ಕೈಕಸುಬು ಕಟ್ಟಿದ ಊರಿದು. ಬೇಲಿ ಕಟ್ಟಿ ಬಿಚ್ಚಿದ್ದರಿಂದ ಬೆಳೆದದ್ದಲ್ಲ.

ನಾಳೆ ನಮ್ಮೂರಿಗೂ ಯಾರೋ ಬಣ್ಣದ ಪುಸ್ತಕ ಹಿಡಿದು ಬಂದಾರು. ಆಗ ಕನ್ನಡಿಗರು ನಾಲ್ಕು ಪ್ರಶ್ನೆ ಕೇಳಲೇಬೇಕು. ಒಪ್ಪಂದದ ಪ್ರತಿಯನ್ನು ಸಹಿಗೆ ಮೊದಲೇ ಕನ್ನಡದಲ್ಲಿ ಅಚ್ಚು ಹಾಕಿ ಜನರ ಮುಂದೆ ಇಡುತ್ತೀರಾ? ನಷ್ಟವಾದರೆ ತುಂಬುವವರು ಯಾರು, ಬರಹದಲ್ಲಿ ಕೊಡುತ್ತೀರಾ? ರಸ್ತೆ ಮುಚ್ಚಿದ ದಿನ ಆಂಬುಲೆನ್ಸ್ ಯಾವ ದಾರಿಯಲ್ಲಿ ಹೋಗಬೇಕು? ಅಂದಿನ ಸಂಪಾದನೆ ಕಳೆದುಕೊಳ್ಳುವ ತಳ್ಳುಗಾಡಿಯವನಿಗೆ, ಆಟೋದವನಿಗೆ ಪರಿಹಾರ ಎಷ್ಟು?

ನಾಲ್ಕಕ್ಕೂ ನೆಟ್ಟಗೆ ಉತ್ತರ ಕೊಟ್ಟರೆ ನಡೆಸಲಿ, ನಾವೂ ಹೋಗಿ ಚಪ್ಪಾಳೆ ತಟ್ಟೋಣ. ಕೊಡದಿದ್ದರೆ ಬಂದ ದಾರಿ ಹಿಡಿಯಲಿ. ರಸ್ತೆ ಜನರದ್ದು, ದುಡ್ಡೂ ಜನರದ್ದು. ಪಕ್ಕದ ಮನೆ ಸುಟ್ಟದ್ದನ್ನು ಕಣ್ಣಾರೆ ಕಂಡ ಮೇಲೂ ನಮ್ಮ ಮನೆಯ ಒಲೆ ನೋಡಿಕೊಳ್ಳದಿದ್ದರೆ ತಪ್ಪು ಯಾರದ್ದು? ಯೋಚಿಸಿ!