ಸಮಾಜಕಾರ್ಯ ಶಿಕ್ಷಣದಲ್ಲಿ ಆನ್‌ಲೈನ್ ಕಲಿಕೆ – ಒಂದು ವಿವೇಚನೆ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ವಿದ್ಯೆಗೆ ಇವೆರಡೂ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಇಂದು ಕೋಶವು ಗ್ರಂಥಾಲಯದ ಕಪಾಟನ್ನು ಬಿಟ್ಟು ಅಂಗೈಯ ಮೊಬೈಲಿನೊಳಗೆ ಬಂದು ಕುಳಿತಿದೆ. ಉಪನ್ಯಾಸ, ಪಠ್ಯ, ಪರೀಕ್ಷೆಗಳೆಲ್ಲ ಮನೆಬಾಗಿಲಿಗೇ ಬರುತ್ತಿರುವಾಗ ದೇಶ ಸುತ್ತುವ ಅಗತ್ಯವೇನಿದೆ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಅನ್ಯ ಶಾಸ್ತ್ರಗಳ ವಿಷಯ ಹೇಗೇ ಇರಲಿ, ಸಮಾಜಕಾರ್ಯ ಶಿಕ್ಷಣದ ಮಟ್ಟಿಗೆ ಈ ಪ್ರಶ್ನೆಯನ್ನು ಕೂಲಂಕಷವಾಗಿ ಪರಿಶೀಲಿಸುವುದು ಅವಶ್ಯ.

ತಾರ್ನಾಕದ ನಿವಾಸಿಗಳಿಗೆ ದೂರಶಿಕ್ಷಣವು ಅಪರಿಚಿತವಲ್ಲ. ನೆರೆಯ ಉಸ್ಮಾನಿಯಾ ವಿಶ್ವವಿದ್ಯಾನಿಲಯವು 1977ರಲ್ಲಿಯೇ ಅಂಚೆ ಮೂಲಕ ಪಾಠ ಹೇಳುವ ಸಂಸ್ಥೆಯನ್ನು ತೆರೆಯಿತು. ಅಲ್ಲಿ ಕುಲಪತಿಗಳಾಗಿದ್ದ ಪ್ರೊ. ಜಿ. ರಾಮರೆಡ್ಡಿಯವರು 1982ರಲ್ಲಿ ಸ್ಥಾಪಿತವಾದ, ದೇಶದ ಮೊಟ್ಟಮೊದಲ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಪ್ರಥಮ ಕುಲಪತಿಗಳಾದರು. ಅದೇ ಇಂದಿನ ಡಾ. ಬಿ. ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾನಿಲಯ. 1985ರಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಆರಂಭವಾದಾಗಲೂ ಆ ಹೊಣೆ ಅವರ ಹೆಗಲನ್ನೇರಿತು. 2017ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ‘ಸ್ವಯಂ’ ಮೊದಲಾದ ಇಂದಿನ ವ್ಯವಸ್ಥೆಗಳು ಆ ಅಂಚೆಪಾಠದ ಮುಂದಿನ ಪೀಳಿಗೆಯವು. ದಿನವಿಡೀ ದುಡಿಯುವವರಿಗೆ, ಎಳೆಯ ಮಕ್ಕಳ ತಾಯಂದಿರಿಗೆ, ಕಾಲೇಜಿಲ್ಲದ ಊರಿನವರಿಗೆ ಇದರಿಂದಾಗಿರುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ.

ಆದರೆ ಸಮಾಜಕಾರ್ಯವು ಕೇವಲ ಓದಿ ಒಪ್ಪಿಸುವ ವಿದ್ಯೆಯಲ್ಲ. 1936ರಲ್ಲಿ ಮುಂಬಯಿಯಲ್ಲಿ ಟಾಟಾ ದತ್ತಿಯ ನೆರವಿನಿಂದ ಭಾರತದ ಪ್ರಥಮ ಸಮಾಜಕಾರ್ಯ ಶಾಲೆಯು ಪ್ರಾರಂಭವಾಯಿತು. 1960ರಲ್ಲಿ ಮಂಗಳೂರಿನ ರೋಶನಿ ನಿಲಯವು ತಲೆಯೆತ್ತಿತು. ಇಂತಹ ಶಾಲೆಗಳಲ್ಲೆಲ್ಲ ತರಗತಿಯ ಪಾಠದೊಡನೆ ಕ್ಷೇತ್ರಕಾರ್ಯವೂ ಜೊತೆಜೊತೆಯಾಗಿ ಸಾಗುತ್ತ ಬಂದಿದೆ. ವಿದ್ಯಾರ್ಥಿಯು ಆಸ್ಪತ್ರೆಗೋ ಕೊಳೆಗೇರಿಗೋ ಹೋಗಿ, ಕಂಡದ್ದನ್ನು ಬರೆದು, ಮಾರ್ಗದರ್ಶಕರ ಮುಂದೆ ಚರ್ಚಿಸಿ ತಿದ್ದಿಕೊಳ್ಳಬೇಕು.

ಇದರ ಅಗತ್ಯವನ್ನು ತಿಳಿಯಲು ಒಂದು ಉದಾಹರಣೆ ಸಾಕು. ಕ್ಷಯರೋಗಕ್ಕೆ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಔಷಧ ಸೇವಿಸಬೇಕು. ಕೆಲವೇ ವಾರಗಳಲ್ಲಿ ಕೆಮ್ಮು, ಜ್ವರ ತಗ್ಗಿದೊಡನೆ ಎಷ್ಟೋ ಜನರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ರೋಗವು ಮರುಕಳಿಸುತ್ತದೆ, ಔಷಧಕ್ಕೆ ಬಗ್ಗದಂತೆಯೂ ಆಗಬಹುದು. ‘ರೋಗಿಗೆ ತಿಳಿವಳಿಕೆ ನೀಡಬೇಕು’ ಎಂದು ಪಠ್ಯವು ಹೇಳುತ್ತದೆ. ಮನೆಗೆ ಹೋಗಿ ಕುಳಿತಾಗಲಷ್ಟೇ ಬೇರೆ ಸಂಗತಿಗಳು ಗೋಚರವಾಗುತ್ತವೆ: ಆಸ್ಪತ್ರೆಗೆ ಹೋದರೆ ಅಂದಿನ ಕೂಲಿ ಹೋಗುತ್ತದೆ, ರೋಗದ ಹೆಸರು ಅತ್ತೆಗೆ ತಿಳಿಯಬಾರದೆಂದು ಸೊಸೆಯು ಮಾತ್ರೆಗಳನ್ನು ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟಿದ್ದಾಳೆ. ಕಲಬುರಗಿ, ಯಾದಗಿರಿಗಳ ಕಡೆಯಿಂದ ಈ ನಗರಕ್ಕೆ ಕೂಲಿಗಾಗಿ ಬಂದವರಿಗೆ ಭಾಷೆಯ ತೊಡಕೂ ಉಂಟು. ವೈದ್ಯರ ಮುಂದೆ ತಲೆಯಾಡಿಸಿ ಬರುವ ಆ ತಾಯಿಯು ಕನ್ನಡದಲ್ಲಿ ಕೇಳಿದರೆ ಮಾತ್ರ ನಿಜವನ್ನು ನುಡಿಯುತ್ತಾಳೆ.

ಹಾಗೆಂದು ಆನ್‌ಲೈನ್ ಕಲಿಕೆಯನ್ನು ಬಹಿಷ್ಕರಿಸುವುದು ವಿವೇಕವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2018ರಲ್ಲಿ ಡಿಜಿಟಲ್ ಅಕಾಡೆಮಿಯನ್ನು ಸ್ಥಾಪಿಸಿ ವೈದ್ಯರು, ದಾದಿಯರು, ಮನಃಶಾಸ್ತ್ರಜ್ಞರೊಡನೆ ಸಮಾಜಕಾರ್ಯಕರ್ತರಿಗೂ ದೂರದಿಂದಲೇ ತರಬೇತಿ ನೀಡತೊಡಗಿತು. ಕಲಿಯುವವರು ತಾವು ನೋಡುತ್ತಿರುವ ರೋಗಿಯ ಪರಿಸ್ಥಿತಿಯನ್ನೇ, ಹೆಸರು ಮರೆಮಾಡಿ, ತಜ್ಞರ ಮುಂದಿಟ್ಟು ಚರ್ಚಿಸುವ ಕ್ರಮ ಅಲ್ಲಿಯದು. ಅಂದರೆ ಕಲಿಯುವವನ ಕಾಲು ಮೊದಲೇ ಕ್ಷೇತ್ರದಲ್ಲಿ ಊರಿರುತ್ತದೆ. ತೆರೆಯು ಅವನನ್ನು ದೂರದ ಗುರುವಿನೊಡನೆ ಕೂಡಿಸುತ್ತದೆ. ಆನ್‌ಲೈನ್ ಕಲಿಕೆಯ ಸದುಪಯೋಗವೆಂದರೆ ಇದೇ.

ಅಪಾಯವಿರುವುದು ಕ್ಷೇತ್ರವನ್ನೇ ತೆರೆಯೊಳಗೆ ತುರುಕಿದಾಗ. 2020ರ ಕೋವಿಡ್ ದಿಗ್ಬಂಧನದಲ್ಲಿ ಅದು ಅನಿವಾರ್ಯವಾಗಿತ್ತು, ಅನಿವಾರ್ಯವು ಪರಿಪಾಠವಾಗಬಾರದು. ವೈದ್ಯಕೀಯ, ನರ್ಸಿಂಗ್ ಪದವಿಗಳನ್ನು ದೂರಶಿಕ್ಷಣದಲ್ಲಿ ನೀಡಕೂಡದೆಂಬ ನಿಯಮವಿದೆ. ವೈದ್ಯಕೀಯ ಹಾಗೂ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು 2021ರ ಕೇಂದ್ರ ಕಾಯಿದೆಯು ಆರೋಗ್ಯ ವೃತ್ತಿನಿರತರ ಸಾಲಿಗೆ ಸೇರಿಸಿದೆ. ಹೀಗಿರುವಾಗ ಅವರ ಕ್ಷೇತ್ರಕಾರ್ಯವನ್ನು ಬರಿಯ ಸಹಿ-ಮೊಹರುಗಳ ಮೇಲೆ ಒಪ್ಪಿಕೊಳ್ಳುವುದು ತರವಲ್ಲ. ಲೆಕ್ಕಪುಸ್ತಕದಲ್ಲಿ ಕಾಣಿಸಿದ ನಗದನ್ನು ತಿಜೋರಿ ತೆರೆದು ಎಣಿಸಿದಲ್ಲದೆ ತಾಳೆಯಾಯಿತೆಂದು ಯಾರೂ ಬರೆಯುವುದಿಲ್ಲ. ಕ್ಷೇತ್ರಕಾರ್ಯಕ್ಕೂ ಅಂತಹ ತಪಾಸಣೆ ಬೇಕು. ಪಾಠಗಳು ತೆರೆಯ ಮೇಲಾಗಲಿ. ಕ್ಷೇತ್ರದ ದಿನಗಳು ಮಾತ್ರ ಸ್ಥಳದಲ್ಲಿಯೇ, ಅನುಭವಿ ಮಾರ್ಗದರ್ಶಕರ ಕಣ್ಣೆದುರಿಗೇ ನಡೆಯಲಿ.

ಇಲ್ಲಿ ಕನ್ನಡ ಸಂಘಗಳಿಗೂ ಕರ್ತವ್ಯವಿದೆ. ಕನ್ನಡ ಬಲ್ಲ ಕಲಿಯುವವರಿಗೆ ಕಟ್ಟಡ ಕಾರ್ಮಿಕರ ಬಿಡಾರಗಳ, ಒಂಟಿಯಾಗಿ ಬಾಳುವ ವೃದ್ಧರ ಪರಿಚಯ ಮಾಡಿಸಬಹುದು. ಆಸ್ಪತ್ರೆಗಳಲ್ಲಿ ದುಭಾಷಿಗಳಾಗಿ ನಿಲ್ಲುವ ಅವಕಾಶ ಕಲ್ಪಿಸಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಮನೋವ್ಯಥೆಯಲ್ಲಿರುವವರಿಗೆ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆಂಬುದನ್ನು ಅವರ ಮೂಲಕ ಮನೆಮನೆಗೆ ಮುಟ್ಟಿಸಬಹುದು. ಇದರಿಂದ ವಿದ್ಯಾರ್ಥಿಗೆ ವಿದ್ಯೆ, ನೊಂದವರಿಗೆ ಆಸರೆ ಎರಡೂ ಲಭಿಸುತ್ತವೆ. ರಾಜ್ಯೋತ್ಸವದ ಸಂಭ್ರಮದೊಡನೆ ಇಂತಹ ಒಂದು ಕೆಲಸವೂ ಸಂಘಗಳ ವಾರ್ಷಿಕ ಕಾರ್ಯಕ್ರಮದಲ್ಲಿ ಸೇರಲಿ.