ಬಲಿಮೀನು

ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ಶ್ರಾವಕನು ತನ್ನ ಪಡಸಾಲೆಯಲ್ಲಿ ಉಪ್ಪುನೀರಿನ ಪುಟ್ಟದೊಂದು ಮೀನಿನ ತೊಟ್ಟಿಯನ್ನಿಟ್ಟು, ‘ಕೊಲ್ಲುತ್ತಿಲ್ಲವಲ್ಲ, ಸಾಕುತ್ತಿದ್ದೇನೆ’ ಎಂದು ಸಮಾಧಾನಪಟ್ಟುಕೊಂಡರೆ, ಆ ಸಮಾಧಾನ ಎಷ್ಟು ಟೊಳ್ಳೆಂಬುದನ್ನು ತೊಟ್ಟಿಯ ನೀರೇ ಸಾರುತ್ತದೆ.

ಹೊಸ ತೊಟ್ಟಿಯ ನೀರು ಜೀವಯೋಗ್ಯವಲ್ಲ. ಮೀನು ಕಿವಿರುಗಳಿಂದ ಹೊರಬಿಡುವ ಅಮೋನಿಯವನ್ನು ನೈಟ್ರೈಟ್ ಆಗಿಯೂ, ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕಡಲಿನ ನೀರಿನ ಪಿ.ಎಚ್. 8.2ರ ಆಸುಪಾಸಿನಲ್ಲಿರುವುದರಿಂದ, ಅಮೋನಿಯದ ವಿಷರೂಪದ ಪಾಲು ಸಿಹಿನೀರಿನಲ್ಲಿರುವುದಕ್ಕಿಂತ ಇಲ್ಲಿ ಬಹುಪಾಲು ಹೆಚ್ಚು. ಹವ್ಯಾಸಿಗಳಲ್ಲಿ ಬಹುಕಾಲ ನಡೆದುಬಂದ ರೂಢಿಯೇನು? ಡ್ಯಾಮ್ಸೆಲ್ ಎಂಬ ಅಗ್ಗದ ಮೀನನ್ನು ಮೊದಲು ಬಿಡುವುದು. ಅದರ ಕಿವಿರು ಸುಡುತ್ತಿರಲು ನೀರು ಹದಗೊಳ್ಳುವುದು. ಸತ್ತರೆ ಇನ್ನೊಂದನ್ನು ತರುವುದು. ‘ಅದು ಗಟ್ಟಿಜಾತಿ’ ಎಂಬ ಸಮರ್ಥನೆ ಬೇರೆ! ತಾಳಿಕೊಳ್ಳುವವನನ್ನು ಹಿಂಸಿಸಬಹುದೆಂಬ ನ್ಯಾಯ ಯಾವ ಶಾಸ್ತ್ರದ್ದು?

ಗೃಹಸ್ಥನಿಗೆ ಆರಂಭೀ ಹಿಂಸೆ ತಪ್ಪದೆಂದು ಕೆಲವರು ವಾದಿಸಬಹುದು. ಅಡುಗೆಯ ಒಲೆಗೆ ಸಲ್ಲುವ ಆ ವಿನಾಯಿತಿ ಅಲಂಕಾರದ ತೊಟ್ಟಿಗೆ ಸಲ್ಲದು. ವಿಷವಾಗಲಿರುವ ನೀರೆಂದು ತಿಳಿದೂ ಜೀವಿಯನ್ನು ಕೊಂಡುತಂದು ಬಿಡುವುದು ಸಂಕಲ್ಪೀ ಹಿಂಸೆಯೇ ಸರಿ. ಅನಿವಾರ್ಯತೆಯಂತೂ ಕಿಂಚಿತ್ತೂ ಇಲ್ಲ: ಅಮೋನಿಯಂ ಕ್ಲೋರೈಡಿನ ಕೆಲವು ಹನಿಗಳಿಂದ, ಒಂದೂ ಮೀನಿಲ್ಲದೆ, ಅದೇ ಬ್ಯಾಕ್ಟೀರಿಯಗಳನ್ನು ಬೆಳೆಸಬಹುದು. ಕೊರತೆಯಿರುವುದು ತಾಳ್ಮೆಗೆ ಮಾತ್ರ.

ತೊಟ್ಟಿ ಚಿಕ್ಕದಾದಷ್ಟೂ ಪಾಪ ಚಿಕ್ಕದೆಂಬ ಭ್ರಮೆಯೂ ಉಂಟು. ಲೀಟರಿಗೆ 35 ಗ್ರಾಂ ಉಪ್ಪಿರುವ 40 ಲೀಟರ್ ನೀರಿನಿಂದ 4 ಲೀಟರ್ ಆವಿಯಾದರೆ ಉಪ್ಪು ಅಲ್ಲಿಯೇ ಉಳಿದು, ಪ್ರಮಾಣ ಸುಮಾರು 39 ಗ್ರಾಮಿಗೇರುತ್ತದೆ. 400 ಲೀಟರಿನ ತೊಟ್ಟಿಯಲ್ಲಿ ಅಷ್ಟೇ ನೀರು ಆರಿದರೆ ವ್ಯತ್ಯಾಸ ಅರ್ಧ ಗ್ರಾಮೂ ಆಗದು. ಮೇಜಿನ ಮೇಲಿನ ಕಡಲು ಒಡೆಯನ ಒಂದು ವಾರದ ಪ್ರವಾಸವನ್ನೂ ಸಹಿಸಲಾರದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧವನ್ನು ಮೊದಲು ಎಣಿಸಿದ್ದಾರೆ. ಗಾಜು ಪಾರದರ್ಶಕವಾದ ಮಾತ್ರಕ್ಕೆ ಬಂಧನವಲ್ಲದೆ ಹೋಗುವುದಿಲ್ಲ.

ತೊಟ್ಟಿಯನ್ನು ಈಗಾಗಲೇ ಇಟ್ಟುಕೊಂಡವರು ಅದರೊಳಗಿನ ಜೀವಿಗಳನ್ನು ಕೆರೆಗೋ ಚರಂಡಿಗೋ ಸುರಿದು ಕೈತೊಳೆದುಕೊಳ್ಳುವಂತಿಲ್ಲ. ಆರಿದಷ್ಟು ನೀರನ್ನು ಪ್ರತಿದಿನ ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು; ಉಪ್ಪುನೀರನ್ನೇ ಸುರಿದರೆ ಲವಣ ಮತ್ತಷ್ಟು ಏರುತ್ತದೆ. ಅಮೋನಿಯ, ನೈಟ್ರೈಟ್‌ಗಳೆರಡನ್ನೂ ಅಳೆಯುತ್ತಿರಬೇಕು. ಆ ಮೀನುಗಳು ಆಯುಷ್ಯ ಮುಗಿಸಿದ ಮೇಲೆ ಅಂಗಡಿಗೆ ಮತ್ತೆ ಹೋಗಬಾರದು.